ಸೊಪ್ಪು ಹಿಡಿದು ಹತ್ತುವ ಬೆಟ್ಟ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಿಕ್ಕರೆ ಮೊದಲು ಕೇಳುವುದು ಆನೆಯ ಸಮಾಚಾರ. ‘ಸರ್, ಆನೆ ಅಟ್ಟಿಸಿಕೊಂಡು ಬಂದಿತ್ತಾ?’ ಬಂದಿತ್ತು. ಓಡಿದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಆನೆ ಬಂದರೆ ಎಂಥವನೂ ಓಡುತ್ತಾನೆ. ದುಬಾರೆಯಲ್ಲಿ ಕೆಲವು ಕಾಲ, ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಕೆಲವು ಕಾಲ ಇದ್ದೆ. ಅಲ್ಲಿನ ಕತೆಗಳನ್ನು ಉಪ್ಪುಖಾರ ಹಚ್ಚಿ ಹೇಳುವವರು ಬೇರೆ ಇದ್ದಾರೆ. ಗಾರ್ಡ್ ಆಗಿ ಸೇರಿ ಡೆಪ್ಯುಟಿ ರೇಂಜರ್ ಆಗಿ ಮನೆಗೆ ಬಂದೆ ಎಂಬಲ್ಲಿಗೆ ನನ್ನ ಬಡ್ತಿಗಳ ಪುರಾಣವೂ ಮುಗಿಯಿತು. ನಾನು ಹೇಳಬೇಕೆಂದಿರುವುದು ಒಂದು ಬೆಟ್ಟದ ವಿಷಯ. ಅದರ ಮೇಲೆ ಆನೆ ಇಲ್ಲ, ಮರಗಳೂ ಹೆಚ್ಚಿಲ್ಲ. ಆದರೂ ಇಡೀ ನೌಕರಿಯಲ್ಲಿ ನಾನು ಮನಸಾರೆ ಮೆಚ್ಚಿದ ಜಾಗ ಅದು.

ಮಾದಾಪುರದ ಕಾಫಿ ತೋಟಗಳನ್ನು ದಾಟಿ ಮೇಲೆ ಹೋದರೆ ಅಡ್ಡಬೆಟ್ಟ ಸಿಗುತ್ತದೆ. ಊರಿಗೆ ಅಡ್ಡಲಾಗಿ ಮಲಗಿರುವುದರಿಂದ ಆ ಹೆಸರು. ಬುಡದಲ್ಲಿ ಕಾಡು, ನೆತ್ತಿಯ ಉದ್ದಕ್ಕೂ ಹುಲ್ಲು, ಹುಲ್ಲಿನ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಸಣ್ಣ ಸಣ್ಣ ಶೋಲಾ ಕಾಡು. ಈ ಮಡಿಕೆಗಳಿಂದ ಹುಟ್ಟುವ ಹಳ್ಳವೇ ಕೆಳಗಿನ ಊರಿನ ಗದ್ದೆಗೂ ಕುಡಿಯುವುದಕ್ಕೂ ನೀರು. ನಾನು ಆ ಬೀಟಿಗೆ ಗಾರ್ಡ್ ಆಗಿ ಹೋದ ಹೊಸತರಲ್ಲಿ, ಯೂನಿಫಾರಂ ಹೊಸದು, ಬೂಟು ಹೊಸದು, ಗತ್ತೂ ಹೊಸದು. ಕೈ ಬೀಸಿಕೊಂಡು ಬೆಟ್ಟ ಹತ್ತುತ್ತಿದ್ದವನನ್ನು ಕೆಳಗಿನ ಊರಿನ ಈರಪ್ಪಣ್ಣ ಎಂಬ ರೈತ ಹಾದಿಯಲ್ಲಿ ನಿಲ್ಲಿಸಿದ.

‘ಬರಿಗೈಲಿ ಎಲ್ಲಿಗೆ ಹೊಂಟ್ರಿ ಗಾರ್ಡೇ? ಒಂದು ಸೊಪ್ಪು ಮುರ್ಕಳಿ.’

‘ಯಾಕೆ?’

‘ಯಾಕೆ ಅಂದ್ರೆ? ಸೊಪ್ಪಮ್ಮಂಗೆ. ಮರ ಮುಗಿಯೋದ್ರೊಳಗೆ ಮುರ್ಕಬೇಕು. ಮೇಲಿನ ಕಾಡಿಂದು ಮುಟ್ಟಂಗಿಲ್ಲ.’

ಗಿಡ ಮುರಿಯುವವರ ಮೇಲೆ ಕೇಸು ಹಾಕುವುದು ನನ್ನ ಕೆಲಸ, ಈತ ನನಗೇ ಕೊಂಬೆ ಮುರಿಯಲು ಹೇಳುತ್ತಿದ್ದಾನೆ ಎಂದು ಸಿಟ್ಟೇ ಬಂತು. ಆದರೂ ಹೊಸ ಊರಲ್ಲಿ ಮೊದಲ ದಿನವೇ ಜಗಳ ಬೇಡವೆಂದು ನೇರಳೆ ಮರದ ಒಂದು ಸೊಪ್ಪಿನ ರೆಂಬೆ ಹಿಡಿದು ಹತ್ತಿದೆ. ಎರಡು ನೆತ್ತಿಗಳ ನಡುವೆ ಬೆಟ್ಟ ಸ್ವಲ್ಪ ತಗ್ಗುವಲ್ಲಿ ಒಂದು ಮೊಂಡು ಕಲ್ಲು, ಅದರ ಸುತ್ತ ಸೊಪ್ಪಿನ ರಾಶಿ. ತಳದ್ದು ಒಣಗಿ ತರಗಾಗಿತ್ತು, ಮೇಲಿನದು ಇನ್ನೂ ಹಸಿಯಿತ್ತು. ಹುಲ್ಲು ಕೊಯ್ಯಲು ಬಂದವರು, ದನ ಹುಡುಕಿ ಬಂದವರು, ಆಚೆ ಊರಿಗೆ ನೆಂಟಸ್ತಿಕೆಗೆ ಹೊರಟವರು ಎಲ್ಲರೂ ತಂದು ಹಾಕಿದ್ದು. ಹೂವಿಲ್ಲ, ಕಾಯಿಲ್ಲ, ಪೂಜಾರಿ ಇಲ್ಲ. ಇಂಥ ಬಡ ದೇವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಅಂದುಕೊಂಡು ನನ್ನ ರೆಂಬೆಯನ್ನೂ ಹಾಕಿ ಮುಂದೆ ನಡೆದೆ.

ಆಮೇಲೆ ನಂಜಪ್ಪ ರೇಂಜರು ಬಂದರು. ಇವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಲಸದಲ್ಲಿ ಹುಲಿ, ಮಾತಿನಲ್ಲಿ ಇನ್ನೂ ಜೋರು. ಖಾಲಿ ಜಾಗ ಕಂಡರೆ ಅವರಿಗೆ ಕೈ ತುರಿಸುತ್ತಿತ್ತು. ಮರ ಇಲ್ಲದ ನೆಲ ಎಂದರೆ ಇಲಾಖೆಗೆ ಅವಮಾನ ಎಂದು ಅವರು ನಿಜವಾಗಿ ನಂಬಿದ್ದರು, ಆಗ ನಾವೆಲ್ಲ ನಂಬಿದ್ದೂ ಅದನ್ನೇ. ಅಡ್ಡಬೆಟ್ಟದ ಹುಲ್ಲಿನ ನೆತ್ತಿ ನೋಡಿ, ‘ಏನಯ್ಯಾ ಇದು, ಕ್ಷೌರ ಮಾಡಿಸ್ಕೊಂಡ ತಲೆ ಇದ್ದಂಗಿದೆ! ಅಕೇಶಿಯಾ ಹಾಕ್ಸು’ ಎಂದರು. ಗುಂಡಿ ತೋಡಿಸಿದೆವು, ಸಸಿ ಹೊರಿಸಿದೆವು, ಮಳೆಗೆ ಮುಂಚೆ ನೆಟ್ಟೆವು. ಮುಂಗಾರಿನ ಗಾಳಿ ಬಂದು ಎಲ್ಲ ಸಸಿಗಳನ್ನೂ ಒಂದೇ ಕಡೆಗೆ ಬಾಗಿಸಿತು. ಕೆಲವು ಸತ್ತವು, ಉಳಿದವು ನಮಸ್ಕಾರ ಮಾಡುತ್ತ ನಿಂತವು. ರೇಂಜರು ಬಿಡಲಿಲ್ಲ, ಸತ್ತ ಕಡೆ ಮತ್ತೆ ನೆಡಿಸಿದರು.

ಬೇಸಿಗೆ ಹತ್ತಿರವಾದಾಗ ಅವರ ಕಣ್ಣು ಸೊಪ್ಪಮ್ಮನ ಮೇಲೆ ಬಿತ್ತು. ಬೆಂಕಿ ತಡೆಯಲು ಹುಲ್ಲು ಸವರಿ ಫೈರ್‌ಲೈನ್ ಮಾಡಿಸುತ್ತಿದ್ದೆವು. ಅದರ ನಡುವೆಯೇ ಇಷ್ಟು ದೊಡ್ಡ ಒಣಸೊಪ್ಪಿನ ರಾಶಿ! ಪ್ಲಾಂಟೇಷನ್ನಿಗೆ ಕೊಳ್ಳಿ ಇಡಲು ಬೇರೆ ಯಾರೂ ಬೇಡ ಎಂದು ಪೂರ್ತಿ ಬಾಚಿಸಿ ಕಮರಿಗೆ ಎಸೆಸಿದರು. ಇನ್ನು ಮೇಲೆ ಯಾರೂ ಸೊಪ್ಪು ತರಕೂಡದು ಎಂದು ಊರಿಗೆ ಹೇಳಿ ಕಳಿಸಿದರು. ಈರಪ್ಪಣ್ಣ ಎದುರಾಡಲಿಲ್ಲ. ‘ಒಣಗಿದ್ದು ತೆಗೀರಿ ಸ್ವಾಮಿ, ಹಸೀದು ಬಿಡಿ’ ಎಂದಷ್ಟೇ ಹೇಳಿದ.

ಆ ಬೇಸಿಗೆಯಲ್ಲೇ ಆಚೆ ಪಕ್ಕದ ಒಂದು ಎಸ್ಟೇಟಿನವರು ಲಂಟಾನ ಸುಡಲು ಹಚ್ಚಿದ ಬೆಂಕಿ ಕೈಮೀರಿ ಬೆಟ್ಟ ಹತ್ತಿತು. ನಾವು ರೇಂಜರ ಜೊತೆ ಏದುಸಿರು ಬಿಡುತ್ತ ನೆತ್ತಿಗೆ ಬಂದು ನಿಂತಾಗ ಬೆಂಕಿ ಎದುರಿಗಿದೆ, ನಮ್ಮ ಕೈ ಖಾಲಿ ಇದೆ. ಹುಲ್ಲಿನ ಬೆಂಕಿಯನ್ನು ಹಸಿ ಸೊಪ್ಪಿನಲ್ಲಿ ಬಡಿದೇ ಆರಿಸಬೇಕು, ಬೇರೆ ದಾರಿಯಿಲ್ಲ. ಆ ಬೋಳು ನೆತ್ತಿಯ ಮೇಲೆ ಸೊಪ್ಪು ಎಲ್ಲಿಂದ ಬರಬೇಕು? ನೆಟ್ಟ ಸಸಿಗಳು ಇನ್ನೂ ಮೊಣಕಾಲೆತ್ತರ, ಶೋಲಾದ ದಾರಿಗೆ ಬೆಂಕಿಯೇ ಅಡ್ಡ. ಕೆಳಗಿನ ಕಾಡಿಗೆ ಇಳಿದು ಹತ್ತುವುದರೊಳಗೆ ಎಲ್ಲ ಮುಗಿಯುತ್ತದೆ. ದಿನವೂ ಹೊಸ ಸೊಪ್ಪು ಬೀಳುತ್ತಿದ್ದ ಕಲ್ಲಿನ ಬುಡ ಗುಡಿಸಿ ಸಾರಿಸಿದ ಅಂಗಳದ ಹಾಗಿತ್ತು. ನಾನು ರೇಂಜರ ಮುಖ ನೋಡಿದೆ. ಅವರು ಕಲ್ಲನ್ನು ನೋಡುತ್ತಿದ್ದರು. ಸೊಪ್ಪಮ್ಮ ಯಾಕೆ ಅಲ್ಲಿದ್ದಾಳೆ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ತಿಳಿಯಿತು. ರೇಂಜರು ಶರ್ಟು ಬಿಚ್ಚಿ ಅದರಿಂದಲೇ ಬೆಂಕಿ ಬಡಿಯತೊಡಗಿದರು.

ಪ್ಲಾಂಟೇಷನ್ ಹೋಯಿತು. ಶೋಲಾ ಕಾಡೂ ಹೋಗುತ್ತಿತ್ತು. ಅಷ್ಟರಲ್ಲಿ ಹೊಗೆ ಕಂಡು ಊರಿನವರು ಬಂದರು, ಗಂಡಸರು ಹೆಂಗಸರು ಎಲ್ಲರ ಹೆಗಲ ಮೇಲೂ ಸೊಪ್ಪು. ಯಾರೂ ಅವರಿಗೆ ತರಲು ಹೇಳಿರಲಿಲ್ಲ. ಬೇಡ ಎಂದು ಹೇಳಿದ್ದೆವು. ನಮಗೆ ಒಂದೊಂದು ಕೊಟ್ಟು ಸಾಲಾಗಿ ನಿಂತು ಬಡಿದರು. ಸಂಜೆ ಬೆಂಕಿ ಆರಿದ ಮೇಲೆ ರೇಂಜರು ಮೈಯೆಲ್ಲ ಮಸಿಯಾಗಿ ಕಲ್ಲಿನ ಪಕ್ಕ ಕೂತು, ‘ಈರಪ್ಪಾ, ತಪ್ಪಾಯ್ತು ಮಾರಾಯ’ ಎಂದರು. ಮೇಲಧಿಕಾರಿಯೊಬ್ಬರು ಎಲ್ಲರ ಎದುರು ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಮರುವರ್ಷದ ಫೈರ್‌ಲೈನ್ ಕೆಲಸದ ದಿನ ಎಲ್ಲರಿಗಿಂತ ದೊಡ್ಡ ಸೊಪ್ಪು ಹೊತ್ತು ಬಂದವರು ಅವರೇ. ಒಣಗಿದ್ದನ್ನು ತೆಗೆಸಿ ಹಸಿಯದನ್ನು ಉಳಿಸುವ ಪದ್ಧತಿಯನ್ನು ಮಾಡಿದವರೂ ಅವರೇ. ಇಲಾಖೆಯಲ್ಲಿ ನನ್ನ ಗುರು ಯಾರೆಂದು ಕೇಳಿದರೆ ನಾನು ಈಗಲೂ ಆ ಮಸಿ ಮುಖವನ್ನೇ ನೆನೆಯುತ್ತೇನೆ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಎಷ್ಟೋ ಬದಲಾಯಿತು. ಈಗ ಬೆಂಕಿ ಎದ್ದರೆ ಉಪಗ್ರಹ ನೋಡಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಗಡಿ ನೋಡಲು ಜಿಪಿಎಸ್ ಇದೆ. ಇವನ್ನು ಹಳಿಯುವವನು ನಾನಲ್ಲ. ನಮ್ಮ ಕಾಲದಲ್ಲಿ ಇದ್ದಿದ್ದರೆ ಎಷ್ಟೋ ಕಾಡು ಉಳಿಯುತ್ತಿತ್ತು. ಆದರೆ ಸಂದೇಶ ಬಂದ ಮೇಲೆ ಬೆಟ್ಟ ಹತ್ತುವುದು ಕಾಲೇ, ಬೆಂಕಿ ಬಡಿಯುವುದು ಸೊಪ್ಪೇ. ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವುದು ನಿಮ್ಮ ಬೀಟನ್ನು ನಡೆದು ನೋಡಿ ಎಂದು. ಅಡ್ಡಬೆಟ್ಟದ ನೆತ್ತಿಯ ಮೇಲೆ ಬೆಳಗಿನ ಹೊತ್ತು ನಡೆಯುವ ಸುಖ ಯಾವ ದೊಡ್ಡ ಕುರ್ಚಿಯಲ್ಲೂ ನನಗೆ ಕಾಣಲಿಲ್ಲ. ಚಳಿಗಾಲದಲ್ಲಿ ಸಣ್ಣದೊಂದು ಚಾಣ ಎದುರುಗಾಳಿಗೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತಿರುತ್ತದೆ, ದಾರ ಕಟ್ಟಿ ತೂಗುಬಿಟ್ಟ ಹಾಗೆ. ಕೆಳಗೆ ಹುಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ ಮಲಗಿ ಏಳುತ್ತಿರುತ್ತದೆ. ಅದನ್ನು ನೋಡುತ್ತ ಡ್ಯೂಟಿಯನ್ನೇ ಮರೆತು ನಿಂತದ್ದುಂಟು.

ಡೆಪ್ಯುಟಿ ರೇಂಜರ್ ಆಗಿ ನಾನು ಮತ್ತೆ ಅಲ್ಲಿಗೇ ಬಂದಿದ್ದೆ; ನಿವೃತ್ತನಾಗುವ ವರ್ಷ ಗಾಳಿಯಂತ್ರದ ಪ್ರಸ್ತಾವ ಬಂತು. ಒಂದು ಕಂಪನಿ ಅಡ್ಡಬೆಟ್ಟದ ನೆತ್ತಿಯನ್ನು ಕೇಳಿತ್ತು. ಗಾಳಿ ಅಳೆಯಲು ಅವರು ಅನುಮತಿ ಪಡೆದು ನಿಲ್ಲಿಸಿದ ಎತ್ತರದ ಕಂಬ, ಅವರ ಮಾತಿನಲ್ಲಿ ಮಾಸ್ಟ್, ಆಗಲೇ ಅಲ್ಲಿತ್ತು. ವಿವರ ಓದಿದರೆ ಎಲ್ಲ ಸರಿಯೇ ಇತ್ತು. ಹೊಗೆಯಿಲ್ಲದ ಕರೆಂಟು. ಕಡಿಯಬೇಕಾದ ಮರಗಳು, ಶೂನ್ಯ. ಅದು ಸುಳ್ಳೂ ಅಲ್ಲ. ನಮ್ಮ ಇಲಾಖೆಗೆ ಎಣಿಸಲು ಬರುವುದು ಮರವನ್ನು ಮಾತ್ರ, ಹುಲ್ಲನ್ನು ಯಾರು ಎಣಿಸುತ್ತಾರೆ? ನಂಜಪ್ಪ ರೇಂಜರು ಯಾವ ಕಣ್ಣಿನಿಂದ ಆ ಬೆಟ್ಟವನ್ನು ಖಾಲಿ ಎಂದಿದ್ದರೋ ಅದೇ ಕಣ್ಣು ಈಗ ಕಂಪನಿಗೆ ಬಂದಿತ್ತು. ಎರಡೂ ಸಲ ಖಾಲಿ ಎಂದು ಒಪ್ಪಿದವರು ನಾವೇ. ಊರಿನವರು ಹೌಹಾರಿದರು. ನನಗೆ ನಿದ್ದೆ ಬರಲಿಲ್ಲ. ಇನ್ನು ಕೆಲವೇ ತಿಂಗಳಲ್ಲಿ ಮನೆಗೆ ಹೋಗುವ ನಾನು ಈ ಬೆಟ್ಟವನ್ನು ಕೊಟ್ಟು ಹೋಗುತ್ತೇನೋ, ಉಳಿಸಿ ಹೋಗುತ್ತೇನೋ?

ಜಂಟಿ ಪರಿಶೀಲನೆಗೆ ನಮ್ಮ ವಿಭಾಗದ ಮುಖ್ಯಸ್ಥೆ ಡಿ.ಸಿ.ಎಫ್. ಮೇಡಂ ಸ್ವತಃ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರು. ಆಚೆ ಪಕ್ಕದ ಎಸ್ಟೇಟ್ ದಾರಿಯಲ್ಲಿ ಜೀಪು ಬಹುಪಾಲು ಮೇಲಕ್ಕೆ ಹೋಗುತ್ತದೆ. ಕಂಪನಿಯವರು ಅಲ್ಲಿ ಎರಡು ಜೀಪು ತಯಾರಿಟ್ಟಿದ್ದರು. ಮೇಡಂ ಊರಿನ ಕಡೆಯಿಂದ ನಡೆದೇ ಹೋಗೋಣ ಎಂದುಬಿಟ್ಟರು. ಕಂಪನಿಯ ಎಂಜಿನಿಯರ್ ಅರವಿಂದ್, ಕೊಯಮತ್ತೂರಿನ ಕಡೆಯ ಯುವಕ, ತನ್ನ ಹೊಳೆಯುವ ಶೂಗಳನ್ನು ಒಮ್ಮೆ ನೋಡಿಕೊಂಡು ಒಪ್ಪಿದ. ಬೆಟ್ಟದ ಬುಡದಲ್ಲಿ ಮುದುಕನಾಗಿದ್ದ ಈರಪ್ಪಣ್ಣ ಸೊಪ್ಪಿನ ಕಟ್ಟು ಇಟ್ಟುಕೊಂಡು ಕಾಯುತ್ತಿದ್ದ. ಮೇಡಂಗೆ ಒಂದು ಕೊಟ್ಟ, ನನಗೊಂದು ಕೊಟ್ಟ, ಅರವಿಂದನಿಗೂ ಒಂದು.

‘ಇದ್ ಯಾಕೆ ಅಯ್ಯಾ?’ ಎಂದ ಅರವಿಂದ್.

‘ಬೆಟ್ಟಕ್ಕೆ ಬರೋರೆಲ್ಲ ತರ್ತಾರೆ ಕಣಪ್ಪ. ನೀನೂ ಬಂದಿದ್ದೀಯಲ್ಲ.’

ಎಂಜಿನಿಯರ್ ಸೊಪ್ಪನ್ನು ಕೊಡೆಯ ಹಾಗೆ ಹಿಡಿದುಕೊಂಡು ಹತ್ತತೊಡಗಿದ. ಕೆಟ್ಟ ಮನುಷ್ಯನೇನಲ್ಲ. ಕಂಪನಿಯವನೆಂದು ಮುಖ ಗಂಟಿಕ್ಕಿಕೊಂಡಿದ್ದ ನನಗೆ ಅರ್ಧ ದಾರಿಯಲ್ಲಿ ತನ್ನ ನೀರಿನ ಬಾಟಲಿ ಕೊಟ್ಟ. ನೆತ್ತಿಯ ಗಾಳಿಗೆ ಬಂದು ನಿಂತಾಗ ಮಕ್ಕಳ ಹಾಗೆ ಖುಷಿಪಟ್ಟ. ‘ಎಂಥ ಗಾಳಿ ಸರ್! ನಾನು ಎಷ್ಟೋ ಬೆಟ್ಟ ನೋಡಿದ್ದೀನಿ, ಇಂಥ ಗಾಳಿ ನೋಡಿಲ್ಲ’ ಎಂದ. ನಾನು ಮೆಚ್ಚಿದ ಗಾಳಿಯನ್ನು ಇವನೂ ಮೆಚ್ಚುತ್ತಿದ್ದಾನೆ, ಅದಕ್ಕೆ ಸಿಟ್ಟು ಮಾಡುವುದು ಹೇಗೆ ಎಂದು ನಾನು ತಬ್ಬಿಬ್ಬಾದೆ.

ಸೊಪ್ಪಮ್ಮನ ತಗ್ಗಿನಲ್ಲಿ ಎಲ್ಲರೂ ಸೊಪ್ಪು ಹಾಕಿದೆವು. ನಾನು ಬೆಂಕಿಯ ಕತೆಯನ್ನು ಹೇಳಿದೆ. ಮೇಡಂ ಕೇಳಿಸಿಕೊಂಡು, ನಕಾಶೆ ಬಿಡಿಸಿ, ‘ರಸ್ತೆ ಎಲ್ಲಿ ಬರುತ್ತೆ ತೋರ್ಸಿ’ ಎಂದರು. ಅರವಿಂದ್ ಬೆರಳಿಟ್ಟು ತೋರಿಸಿದ. ರಸ್ತೆ ಆಚೆಯಿಂದ ಏರಿ, ಸರಿಯಾಗಿ ನಾವು ನಿಂತ ಜಾಗದಲ್ಲಿ ತಿರುಗಿ, ನೆತ್ತಿಯುದ್ದಕ್ಕೂ ಹೋಗುತ್ತಿತ್ತು.

‘ತಿರುವು ಇಷ್ಟು ಅಗಲ ಯಾಕೆ?’

‘ಯಂತ್ರದ ರೆಕ್ಕೆ ಹೊತ್ತ ಲಾರಿ ಬರ್ಬೇಕಲ್ಲ ಮೇಡಂ. ತುಂಬಾ ಉದ್ದ. ರೆಕ್ಕೆ ಬಗ್ಗಲ್ಲ.’

‘ಹಾಗಾದ್ರೆ ಬೆಟ್ಟಾನೇ ಬಗ್ಗಬೇಕು ಅನ್ನಿ’ ಎಂದರು ಮೇಡಂ.

ಅರವಿಂದ್ ನಕ್ಕ, ಆಮೇಲೆ ನಗು ನಿಲ್ಲಿಸಿದ. ತಗ್ಗಿನ ಪಕ್ಕಕ್ಕೆ ಶೋಲಾ ಶುರುವಾಗುವ ಮುಂಚೆ ಒಂದು ಹುಲ್ಲಿನ ಇಳಿಜಾರಿದೆ. ಮೇಡಂ ಅಲ್ಲಿಗೆ ಹೋಗಿ ಆಯಾಸವಾಯಿತು, ಎಲ್ಲರೂ ಕೂತುಕೊಳ್ಳಿ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಈರಪ್ಪಣ್ಣ ನನ್ನ ತೋಳು ಹಿಡಿದು ಅದುಮಿದ. ಅವನ ಕಣ್ಣಲ್ಲಿ ತುಂಟತನ ಕಂಡು ನಾನೂ ಸುಮ್ಮನಾದೆ. ಮೇಡಂ ಕೂತರು, ಅರವಿಂದ್ ಕೂತ, ಅವನ ಸಹಾಯಕರೂ ಕೂತರು. ಚುರುಮುರಿ ಪೊಟ್ಟಣ ಬಿಚ್ಚಿ ತಿಂದರು. ಏಳುವಾಗ ಎಲ್ಲರ ಹಿಂಭಾಗವೂ ಒದ್ದೆ. ಮಳೆ ನಿಂತು ತಿಂಗಳುಗಳೇ ಕಳೆದಿದ್ದವು, ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸಹಾಯಕರು ಪೇಪರಿನಿಂದ ಒರೆಸಿಕೊಳ್ಳಲು ಪರದಾಡುತ್ತಿದ್ದರೆ ಮೇಡಂ ಸೊಂಟಕ್ಕೆ ಕೈಕೊಟ್ಟು ನಿಂತು ಬಿದ್ದು ಬಿದ್ದು ನಕ್ಕರು.

‘ಅರವಿಂದ್ ಅವರೇ, ನಿಮ್ಮವರು ಬರಡು ಭೂಮಿ ಅಂತ ಬರೆದಿದ್ದಾರೆ. ನಿಮ್ಮ ಪ್ಯಾಂಟು ಬೇರೆ ಥರ ಹೇಳ್ತಿದೆ.’

ಅವರು ನಗುತ್ತಲೇ ಹುಲ್ಲಿನ ಬುಡಕ್ಕೆ ಕೈಹಾಕಿ ಒತ್ತಿದರು. ಬೆರಳ ಸಂದಿಯಿಂದ ನೀರು ಜಿನುಗಿತು. ಆ ನೀರು ಒಂದು ಗೆರೆಯಾಗಿ ಶೋಲಾದೊಳಗೆ ಇಳಿದು, ಅಲ್ಲಿಂದ ಹಳ್ಳವಾಗಿ ಈರಪ್ಪಣ್ಣನ ಗದ್ದೆಗೆ ಹೋಗುತ್ತದೆ. ‘ಈ ತಗ್ಗು ಅಗೆದ್ರೆ ಇದು ಎಲ್ಲಿಗೆ ಹೋಗುತ್ತೆ?’ ಎಂದು ಅವರು ಯಾರನ್ನೂ ನೋಡದೆ ಕೇಳಿದರು. ಈರಪ್ಪಣ್ಣ ಈಗ ನಗುತ್ತಿರಲಿಲ್ಲ. ‘ನಮ್ಮೂರಿಗಂತೂ ಬರಕಿಲ್ಲ ತಾಯಿ. ಬೇರೆ ಹಳ್ಳ ನಮಗಿಲ್ಲ’ ಎಂದ.

ಆಗ ಅರವಿಂದ್ ಹೇಳಿದ ಮಾತಿಗಾಗಿ ನಾನು ಅವನನ್ನು ಇವತ್ತಿಗೂ ನೆನೆಯುತ್ತೇನೆ. ಅವನು ಸುಮ್ಮನಿದ್ದರೂ ಆಗುತ್ತಿತ್ತು. ‘ಮೇಡಂ, ಒಂದು ಹೇಳ್ಬೇಕು. ಮಾಸ್ಟಿಗೆ ಕಟ್ಟಿರೋ ತಂತಿ ಇದೆಯಲ್ಲ, ಬೆಳಗ್ಗೆ ಬಂದ್ರೆ ಅದ್ರಿಂದ ನೀರು ತೊಟ್ಟಿಕ್ತಾ ಇರುತ್ತೆ. ಮಳೆ ಇಲ್ದಿದ್ರೂ. ಗಾಳಿ ಮಂಜು ತಂದು ಕೊಡ್ತದೆ. ತಂತಿ ಕೆಳಗೆ ಮಾತ್ರ ಹುಲ್ಲು ಹಸ್ರಾಗಿದೆ, ನಾನೇ ಫೋಟೋ ತೆಗ್ದಿದ್ದೀನಿ. ಒಂದು ತಂತಿಗೇ ಅಷ್ಟು ಸಿಕ್ಕಿದ್ರೆ ಇಷ್ಟು ಹುಲ್ಲಿಗೆ ಎಷ್ಟು ಸಿಗ್ಬೇಕು?’ ಹೇಳಿ ಮುಗಿಸಿದ ಮೇಲೆ ತನ್ನ ಸಹಾಯಕರ ಕಡೆ ನೋಡಿ, ‘ನಾನು ಗಾಳಿ ಅಳೆಯೋಕೆ ಬಂದೋನು, ಅಳೆದದ್ದನ್ನ ಹೇಳಿದೆ’ ಎಂದ. ಈರಪ್ಪಣ್ಣ ಅವನ ಬೆನ್ನು ತಟ್ಟಿದ. ಇಳಿಯುವಾಗ ಇಬ್ಬರೂ ಒಟ್ಟಿಗೇ ಇಳಿದರು, ಒಬ್ಬ ತಮಿಳು ಬೆರೆಸಿ, ಇನ್ನೊಬ್ಬ ನಮ್ಮ ಕಡೆಯ ಮಾತಲ್ಲಿ, ಏನೇನೋ ಹರಟುತ್ತ.

ಮೇಡಂ ಬೆಟ್ಟ ಕೊಡಬಾರದು ಎಂದೇ ಅಭಿಪ್ರಾಯ ಕೊಟ್ಟರು. ಗಾಳಿಯ ಕರೆಂಟು ಬೇಕು, ಆದರೆ ನೀರು ಹುಟ್ಟುವ ನೆತ್ತಿಯ ಮೇಲಲ್ಲ, ಬೇರೆ ಜಾಗ ನೋಡಿ ಎಂಬುದು ಅವರ ಮಾತಿನ ಸಾರ. ನನ್ನ ಅಭಿಪ್ರಾಯವೂ ಅದೇ. ನನ್ನ ಮನೆಯಲ್ಲೂ ಫ್ಯಾನು ತಿರುಗುತ್ತದೆ. ಫೈಲು ಮೇಲೆ ಹೋಯಿತು, ಪ್ರಶ್ನೆಗಳ ಜೊತೆ ವಾಪಸು ಬಂತು, ಮತ್ತೆ ಹೋಯಿತು. ಪೂರ್ತಿ ತಿರಸ್ಕಾರವಾಯಿತು ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಅಷ್ಟರಲ್ಲಿ ನನಗೆ ಹಾರ ಹಾಕಿ, ಶಾಲು ಹೊದಿಸಿ, ಕಾಫಿ ಕುಡಿಸಿ ಮನೆಗೆ ಕಳಿಸಿದರು. ಮೇಡಂಗೆ ವರ್ಗವಾಯಿತು. ಈರಪ್ಪಣ್ಣ ಆಮೇಲೆ ಹೆಚ್ಚು ದಿನ ಇರಲಿಲ್ಲ.

ಮೊನ್ನೆ ಈರಪ್ಪಣ್ಣನ ಸೊಸೆ ಫೋನ್ ಮಾಡಿದಳು. ‘ಮಾವ, ಸೊಪ್ಪಮ್ಮನ ತಾವ ಯಾರೋ ಕೆಂಪು ಬಣ್ಣದ ಗೂಟ ಹೊಡ್ದವ್ರೆ’ ಎಂದಳು. ನನಗೆ ರಕ್ತ ಕುದಿಯಿತು. ನಿವೃತ್ತನಾದರೇನು, ಕಾಲಿದೆ, ಬಾಯಿದೆ. ಸಿಕ್ಕ ಆಟೋ ಹತ್ತಿ ಬೆಟ್ಟದ ಬುಡಕ್ಕೆ ಬಂದು, ಮೊಣಕಾಲು ನೋವನ್ನೂ ಲೆಕ್ಕಿಸದೆ ಒಂದೇ ಉಸಿರಿಗೆ ಹತ್ತತೊಡಗಿದೆ. ಈಗಿನ ರೇಂಜರ್ ಯಾರು, ಅವರಿಗೆ ಏನೇನು ಬೈಯಬೇಕು ಎಂದು ದಾರಿಯುದ್ದಕ್ಕೂ ತಯಾರಿ ನಡೆದಿತ್ತು. ಈ ಹೊಸ ಕಾಲದವರಿಗೆ ಬೆಟ್ಟದ ಬೆಲೆ ಏನು ಗೊತ್ತು ಎಂದು ಮನಸ್ಸಿನಲ್ಲೇ ಎಲ್ಲರಿಗೂ ಮಂಗಳಾರತಿ ಮಾಡಿದೆ.

ಮರಗಳು ಮುಗಿದು ಹುಲ್ಲು ಶುರುವಾಗುವಲ್ಲಿ ಒಬ್ಬ ಗಾರ್ಡ್ ಹುಡುಗಿ ಅಡ್ಡ ನಿಂತಿದ್ದಳು. ಬಾಗಲಕೋಟೆಯ ಕಡೆಯವಳು, ಮಾತಿನಲ್ಲೇ ಗೊತ್ತಾಯಿತು. ಯೂನಿಫಾರಂ ಹೊಸದು, ಬೂಟು ಹೊಸದು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

‘ಎಲ್ಲಿಗೆ ಹೊಂಟೀರಿ ಅಜ್ಜಾರ?’

‘ಮೇಲೆ ಯಾರೋ ಗೂಟ ಹೊಡ್ದಿದ್ದಾರಂತಲ್ಲಮ್ಮ, ನೀವೆಲ್ಲ ಏನು ಮಾಡ್ತಿದ್ದೀರಿ?’ ಎಂದು ನಾನು ಜೋರು ಮಾಡಿದೆ.

ಅವಳು ಹೆದರಲಿಲ್ಲ. ದಾರಿಯ ಪಕ್ಕದಲ್ಲಿ ಕಿತ್ತು ಒಟ್ಟಿದ್ದ ಕೆಂಪು ಗೂಟಗಳನ್ನು ತೋರಿಸಿದಳು. ‘ನಾ ಇಲ್ಲದಾಗ ಬಂದು ಹೊಡದ ಹೋಗಿದ್ರು. ನಿನ್ನಿ ಮತ್ತ ಬಂದ್ರು. ಆರ್ಡರ್ ತೋರಸ್ರಿ ಅಂದೆ, ಇದ್ದಿದ್ದಿಲ್ಲ. ಕೈಯಾಗ ಸೊಪ್ಪೂ ಇದ್ದಿದ್ದಿಲ್ಲ. ಹೊಳ್ಳಿ ಕಳಸೀನ್ರಿ. ನಮ್ಮ ಸಾಹೇಬ್ರಿಗೂ ಹೇಳೀನಿ. ಇನ್ನೂ ಬರ್ತಾರ, ಬರ್ಲಿ, ನಾ ಇಲ್ಲೇ ಇರ್ತೀನಿ.’

ನಾನು ಬಗ್ಗಿ ಒಂದು ಗೂಟ ಎತ್ತಿ ನೋಡಿದೆ, ಅದರ ತುದಿಯ ಮಣ್ಣು ಇನ್ನೂ ಹಸಿಯಿತ್ತು. ಕಣ್ಣು ಮಂಜಾಯಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ನನ್ನ ಎರಡು ಕೈಗಳನ್ನೂ ನೋಡಿದಳು.

‘ಅಜ್ಜಾರ, ನೀವೂ ಬರಿಗೈಲೇ ಬಂದೀರಲ್ರಿ. ಸೊಪ್ಪಿಲ್ಲದ ಮ್ಯಾಲ ಬಿಡಂಗಿಲ್ರಿ.’

ಹತ್ತಿ ಬಂದ ದಾರಿಯಲ್ಲೇ ಮೊಣಕಾಲು ಹಿಡಿದುಕೊಂಡು ಇಳಿದು, ಆ ಹಳೆಯ ನೇರಳೆ ಮರದ ಹತ್ತಿರ ಹೋದೆ.